ತುಕ್ಕಿನ ಋಣ

ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುವಾಗ ತೈಲೋದ್ಯಮವೆಂದರೆ ನಡುಗಡಲಿನ ರಿಗ್, ಹೆಲಿಕಾಪ್ಟರ್ ಪ್ರಯಾಣ ಎಂದೇ ನಂಬಿದ್ದೆ. ಸಾರ್ವಜನಿಕ ವಲಯದ ತೈಲ ಕಂಪನಿಗಳಿಗೆ ಬೇಕಾದ ಗೇಟ್ ಪರೀಕ್ಷೆಯ ಅಂಕ ಎರಡು ಸಲವೂ ಬರಲಿಲ್ಲ. ಗುತ್ತಿಗೆದಾರರೊಬ್ಬರ ತಂಡದೊಡನೆ ಮಂಗಳೂರಿನ ರಿಫೈನರಿಯ ಶಟ್‌ಡೌನ್ ಕೆಲಸಕ್ಕೆ, ಅಂದರೆ ಘಟಕ ನಿಲ್ಲಿಸಿ ಮಾಡುವ ತಪಾಸಣೆ-ದುರಸ್ತಿಗೆ, ಹೋದೆ. ದಿನಕ್ಕೆ ಹನ್ನೆರಡು ಗಂಟೆ. ಘಟಕ ನಿಂತಷ್ಟು ಹೊತ್ತೂ ನಷ್ಟವೇ ಆದ್ದರಿಂದ ಯಾರಿಗೂ ಪುರುಸೊತ್ತಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ದಪ್ಪ ಅಳೆಯುವ ಕೆಲಸ. ಪೈಪಿಗೆ ಜೆಲ್ ಸವರಿ, ಅಲ್ಟ್ರಾಸಾನಿಕ್ ಗೇಜಿನ ಪ್ರೋಬ್ ಒತ್ತಿ, ಬಂದ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆಯಬೇಕು. ನಾಲ್ಕು ವರ್ಷ ಓದಿದ್ದು ಇದಕ್ಕೇ ಎಂದು ಮುಖ ಊದಿಸಿಕೊಂಡಿದ್ದೆ. ಸುರತ್ಕಲ್ಲಿನ ಹಿರಿಯ ಟೆಕ್ನೀಷಿಯನ್ ಒಬ್ಬರು ಪಕ್ಕಕ್ಕೆ ಕೂರಿಸಿಕೊಂಡು ಲೆಕ್ಕ ಬಿಡಿಸಿದರು. ಒತ್ತಡ ತಾಳುವ ಉಕ್ಕಿನ ಪಾತ್ರೆ, ಅಂದರೆ ವೆಸೆಲ್ಲಿನ ಗೋಡೆ ಎಂಟು ವರ್ಷದಲ್ಲಿ 12 ಮಿ.ಮೀ.ಯಿಂದ 9.6ಕ್ಕೆ ಇಳಿದಿದೆಯೆನ್ನು. ವರ್ಷಕ್ಕೆ 0.3ರ ಸವಕಳಿ. ಒತ್ತಡ ತಾಳಲು ಕನಿಷ್ಠ 7.5 ಬೇಕು. ಉಳಿದ 2.1 ಮಿ.ಮೀ. ಅಂದರೆ ಏಳು ವರ್ಷದ ಆಯಸ್ಸು. ಇಂಥ ವೆಸೆಲ್ಲುಗಳ ತಪಾಸಣೆಗೆಂದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಬರೆದ ಎಪಿಐ 510 ಸಂಹಿತೆ ಅದರ ಅರ್ಧದೊಳಗೆ, ಮೂರೂವರೆ ವರ್ಷದಲ್ಲಿ, ಮತ್ತೆ ಒಳಹೊಕ್ಕು ನೋಡು ಎನ್ನುತ್ತದೆ. ಕಬ್ಬಿಣದ ಜಾತಕ ಬರೆದಂತೆ!

ಆದರೂ ನನಗೆ ತಂಪು ಕೋಣೆಯ ಕಂಪ್ಯೂಟರೇ ಬೇಕಿತ್ತು. 2014ರ ಆರಂಭದಲ್ಲಿ ಕೊಲ್ಲಿಯ ಒಂದು ಪ್ರಾಜೆಕ್ಟ್ ಕಂಪನಿಯಲ್ಲಿ ಪೈಪಿಂಗ್ ವಿನ್ಯಾಸದ ಕೆಲಸ ಹಿಡಿದೆ. ಆ ಜೂನ್‌ನಲ್ಲಿ ಬ್ಯಾರೆಲಿಗೆ 110 ಡಾಲರ್ ದಾಟಿದ್ದ, ಜಗತ್ತಿನ ತೈಲ ಬೆಲೆಗೆ ಅಳತೆಗೋಲಾದ ಬ್ರೆಂಟ್ ಕಚ್ಚಾ ತೈಲ 2016ರ ಜನವರಿಯಲ್ಲಿ 30ರ ಕೆಳಗಿತ್ತು. ಅಷ್ಟರೊಳಗೆ ನಮ್ಮ ಪ್ರಾಜೆಕ್ಟು ನಿಂತು, ನನ್ನ ವೀಸಾ ರದ್ದಾಗಿ, ಎರಡು ತಿಂಗಳ ಸಂಬಳ ಬಾಕಿಯಲ್ಲೇ ಊರಿಗೆ ಬಂದಾಗಿತ್ತು. ನನ್ನ ಜೊತೆ ಕೋಣೆಯಲ್ಲಿದ್ದ ತಪಾಸಣಾ ವಿಭಾಗದವನು ಮಾತ್ರ ಅಲ್ಲೇ ಉಳಿದ. ಬೆಲೆ ಬಿದ್ದರೆ ಹೊಸ ಘಟಕ ಕಟ್ಟುವುದನ್ನು ಮುಂದೂಡಬಹುದು, ಹಳೆಯ ಘಟಕ ತುಕ್ಕು ಹಿಡಿಯುವುದನ್ನು ಮುಂದೂಡಲಾಗದು.

ಮತ್ತೆ ಶಟ್‌ಡೌನ್‌ಗಳಿಗೆ ಹೋದೆ. ಸಂಬಳ ಅರ್ಧಕ್ಕೂ ಕಡಿಮೆ. ಅನಿಲ ಪರೀಕ್ಷೆ ಮುಗಿದು ಪರವಾನಗಿ ಕೈಗೆ ಬಂದ ಮೇಲೆ ಗೋಪುರದಂಥ ಕಾಲಮ್ಮುಗಳೊಳಗೆ ತೆವಳಿದೆ. ರಾತ್ರಿ ಸಂಹಿತೆ ಓದಿದೆ. ತಪಾಸಕರ ಪ್ರಮಾಣಪತ್ರಕ್ಕಿರುವ ಎಪಿಐ 510 ಪರೀಕ್ಷೆಯಲ್ಲಿ ಒಂದು ಭಾಗಕ್ಕೆ ಪುಸ್ತಕ ತೆರೆಯಬಹುದು, ಇನ್ನೊಂದಕ್ಕಿಲ್ಲ. ಅನುಭವವಿಲ್ಲದೆ ಕೂರಲು ಬಿಡುವುದೂ ಇಲ್ಲ. ಕಾಲೇಜು ಮುಗಿದ ವಾರವೇ ಐದಾರು ಕೋರ್ಸುಗಳಿಗೆ ಸಾಲ ಮಾಡಿ ದುಡ್ಡು ಕಟ್ಟುವ ಹುಡುಗರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಮಾಣಪತ್ರ ಸಿಕ್ಕ ಮೇಲೆ ಕೊಲ್ಲಿಯದೇ ಒಂದು ರಿಫೈನರಿ ಸಂದರ್ಶನಕ್ಕೆ ಕರೆಯಿತು. ಸಂಹಿತೆಯ ಪ್ರಶ್ನೆಗಳಿಗೆ ಸಿದ್ಧನಾಗಿ ಹೋಗಿದ್ದೆ. ಸಂದರ್ಶಕರು ಮೇಜಿನ ಮೇಲೆ ಒಂದು ಗೇಜು, ಅಳತೆ ಗೊತ್ತಿರುವ ಉಕ್ಕಿನ ತುಂಡು, ಬಾಗಿದ ಪೈಪು ಇಟ್ಟು ಅಳೆಯಲು ಹೇಳಿದರು. ಮೊದಲು ಉಕ್ಕಿನ ತುಂಡಿನ ಮೇಲೆ ಗೇಜನ್ನು ಸರಿಹೊಂದಿಸಿ, ಆಮೇಲೆ ಪೈಪಿನ ಹೊರಬಾಗಿಗೆ ಪ್ರೋಬ್ ಇಟ್ಟೆ. ಹರಿವು ಬಡಿದು ಸವೆಯುವುದು ಅಲ್ಲೇ. ಕೆಲಸ ಸಿಕ್ಕಿತು.

ಆ ಸಂಜೆ ಸುರತ್ಕಲ್ಲಿಗೆ ಫೋನ್ ಮಾಡಿದೆ. ಸಂಬಳ ಎಷ್ಟೆಂದು ಅವರು ಕೇಳಲಿಲ್ಲ.

“ಮೊದಲ ರೀಡಿಂಗ್ ಎಲ್ಲಿ ತೆಗೆದೆ?” ಎಂದರು.