ಟೊಮೆಟೊ: ಔಷಧಿ ಅಂಗಡಿಗೆ ಹೋಗುವ ಮುಂಚೆ ಗಿಡ ನೋಡಿ

ಗಿಡ ಬಾಡಿದರೂ ಸರಿ, ಎಲೆ ಮುದುರಿದರೂ ಸರಿ, ಕಾಯಿ ಕೊಳೆತರೂ ಸರಿ, ‘ರೋಗ ಬಂದದೆ, ಏನಾದ್ರೂ ಕೊಡಿ’ ಎಂದರೆ ಅಂಗಡಿಯಿಂದ ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ, ಮೇಲೊಂದು ಟಾನಿಕ್ ಬರುತ್ತದೆ. ಬಾಡುವುದು, ಮುದುರುವುದು, ಕೊಳೆಯುವುದು, ಈ ಮೂರರಲ್ಲಿ ಒಂದಕ್ಕೂ ಶಿಲೀಂಧ್ರ ಕಾರಣವಾಗಿರದೆ ಇರಬಹುದು.

ಬಾಡುವುದನ್ನೇ ತೆಗೆದುಕೊಳ್ಳಿ. ಗಿಡ ಮಧ್ಯಾಹ್ನ ಜೋತುಬಿದ್ದು, ಸಂಜೆಗೆ ಚೇತರಿಸಿಕೊಂಡು, ಕೆಲವೇ ದಿನಗಳಲ್ಲಿ ಎಲೆ ಹಳದಿಯಾಗದೆ ಹಸಿರಾಗಿರುವಾಗಲೇ ಸೊರಗಿದರೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗಿನ ಅನುಮಾನ. ಖಚಿತ ಮಾಡಿಕೊಳ್ಳಲು ಗಿಡ ಕಿತ್ತು, ಬುಡದ ಕಾಂಡದಿಂದ ಅರ್ಧ ಗೇಣು ತುಂಡನ್ನು ಹರಿತ ಚಾಕುವಿನಲ್ಲಿ ಕೊಯ್ಯಿರಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕೊಯ್ದ ತುದಿ ಮಾತ್ರ ನೀರಿಗೆ ತಾಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ದುಂಡಾಣುವೇ. ಎಳೆ ಇಳಿಯದೆ, ಕೆಳಗಿನ ಎಲೆ ಮೊದಲು ಹಳದಿಯಾಗಿ, ಸೀಳಿದ ಕಾಂಡದೊಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಶಿಲೀಂಧ್ರದ ಸೊರಗು.

ದುಂಡಾಣು ಹಿಡಿದ ಗಿಡವನ್ನು ಉಳಿಸುವ ಔಷಧಿ ಇಲ್ಲ. ಬುಡದ ಮಣ್ಣಿನ ಸಮೇತ ತೆಗೆದು ಹೊಲದಿಂದಾಚೆ ಸುಡಿ. ಬದುವಿನ ಮೇಲೆ ಬೇಡ, ನಾಲೆಗಂತೂ ಎಸೆಯಲೇಬೇಡಿ. ಹಾಯಿನೀರಿನ ಹೊಲದಲ್ಲಿ ರೋಗ ನೀರಿನ ಜೊತೆಗೇ ಸಾಲು ಹಿಡಿದು ಹೋಗುತ್ತದೆ, ಆ ಸಾಲಿನ ನೀರು ಮುಂದಕ್ಕೆ ಹೋಗದಂತೆ ಕಟ್ಟಿ. ಮುಂದಿನ ಬೆಳೆ ರಾಗಿಯೋ ಮುಸುಕಿನ ಜೋಳವೋ ಆಗಲಿ. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಹಾಕಿದರೆ ದುಂಡಾಣುವಿಗೆ ಮತ್ತೆ ಊಟ ಬಡಿಸಿದಂತೆ. ಅಂಥ ಜಮೀನಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹೈಬ್ರಿಡ್ ಹೊಂದುತ್ತದೆ. ದುಂಡಾಣು ಸೊರಗು, ಎಲೆ ಮುದುರು, ಎಲೆಯಲ್ಲಿ ಉಂಗುರ ಉಂಗುರವಾಗಿ ಕಂದು ಚುಕ್ಕೆ ಬರುವ ಮುಂಚಿನ ಅಂಗಮಾರಿ, ಮೂರನ್ನೂ ಅದು ತಡೆದುಕೊಳ್ಳುತ್ತದೆ.

ಹೆಚ್ಚು ದುಡ್ಡು ಸುಮ್ಮನೆ ಸುರಿಯುವುದು ಕಾಯಿಯ ತಳ ಕಪ್ಪಾಗುವ ತೊಂದರೆಗೆ. ತೊಟ್ಟಿನ ಎದುರು ತುದಿಯಲ್ಲಿ ಮೊದಲು ನೀರುಗಟ್ಟಿದಂಥ ಕಲೆ, ಆಮೇಲೆ ಚಪ್ಪಟೆಯಾಗಿ ಚರ್ಮದಂತೆ ಒಣಗಿದ ಕರಿ ಮಚ್ಚೆ. ಇದು ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದ್ದು. ಕ್ಯಾಲ್ಸಿಯಂ ನೀರಿನ ಜೊತೆ ಮೇಲೇರುತ್ತದೆ. ಹೆಚ್ಚು ಬೆವರುವ ಎಲೆಗಳಿಗೆ ಮೊದಲ ಪಾಲು. ಕಾಯಿಯ ತುದಿ ನಾಲೆಯ ಕೊನೇ ಭಾಗದ ಗದ್ದೆ ಇದ್ದಂತೆ. ಮಂಡ್ಯ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ಸರದಿಯಂತೆ ಬಿಡುವ ಕಟ್ಟು ನೀರು ನಂಬಿದ ಹೊಲ ಒಂದು ವಾರ ಕೆಸರು, ಇನ್ನೊಂದು ವಾರ ಬಿರುಕು. ಮಣ್ಣಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎಷ್ಟೇ ಇರಲಿ, ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಯೂರಿಯಾ, ಪೊಟ್ಯಾಷ್ ಅತಿಯಾದರೂ ಹೀಗೇ.

ಮೊದಲು ತೇವ ಸಮ ಮಾಡಿ: ಡ್ರಿಪ್ ಇದ್ದರೆ ದಿನವೂ ಸ್ವಲ್ಪ ಸ್ವಲ್ಪ ನೀರು, ಇಲ್ಲದಿದ್ದರೆ ಬುಡಕ್ಕೆ ಕಬ್ಬಿನ ತರಗಿನ ಹೊದಿಕೆ. ಕಾಯಿ ಗೋಲಿ ಗಾತ್ರವಿದ್ದಾಗಿನಿಂದ ಲೀಟರ್ ನೀರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಬೆರೆಸಿ, ಬಿಸಿಲಿಳಿದ ಮೇಲೆ ವಾರಕ್ಕೊಮ್ಮೆ ಎರಡು ಮೂರು ಸಲ ಕಾಯಿ ನೆನೆಯುವಂತೆ ಸಿಂಪಡಿಸಿ. ಕಪ್ಪಾದ ಕಾಯಿ ಸರಿಹೋಗದು, ಕಿತ್ತುಹಾಕಿ. ಇದೇ ಡ್ರಮ್ಮಿಗೆ 19:19:19 ಗೊಬ್ಬರ ಆಗಲಿ ಮೆಗ್ನೀಷಿಯಂ ಸಲ್ಫೇಟ್ ಆಗಲಿ ಬೆರೆಸಬೇಡಿ. ಸುಣ್ಣದಂತೆ ಗರಣೆ ಕಟ್ಟಿ ಸಿಂಪಡಿಸುವ ನಳಿಕೆಯ ತೂತು, ಡ್ರಿಪ್ಪಿಗೆ ಬಿಟ್ಟರೆ ಅದರ ತೂತುಗಳೂ ಮುಚ್ಚಿಕೊಳ್ಳುತ್ತವೆ.

ಎಲೆ ಮುದುರು ವೈರಸ್ಸಿನದು, ಹರಡುವುದು ಬಿಳಿ ನೊಣ. ಕೆಲಸವೆಲ್ಲ ನಾಟಿಗೆ ಮುಂಚೆಯೇ: ನರ್ಸರಿಯಲ್ಲಿ ಸಸಿಗಳಿಗೆ 40–50 ಮೆಶ್ ನೈಲಾನ್ ಪರದೆ, ಹೊಲದ ಸುತ್ತ ನಾಟಿಗೆ ಎರಡು ಮೂರು ವಾರ ಮುಂಚೆ ಬಿತ್ತಿದ ಎರಡು ಮೂರು ಸಾಲು ಮುಸುಕಿನ ಜೋಳ. ನಾಟಿಯಾದ ತಿಂಗಳೊಳಗೆ ಮುದುರಿದ ಗಿಡ ಫಲ ಕೊಡುವುದಿಲ್ಲ, ಕನಿಕರ ಬೇಡ, ಕಿತ್ತುಬಿಡಿ.

ಎಲೆಯಲ್ಲಿ ಹಾವಿನಂಥ ಸಣ್ಣ ಬಿಳಿ ಗೆರೆಯಿದ್ದರೆ ಅದು ರಂಗೋಲಿ ಹುಳು, ಬೆಳೆದ ಗಿಡಕ್ಕೆ ಅಷ್ಟು ಭಯವಿಲ್ಲ. ಅಗಲವಾದ ಪಾರದರ್ಶಕ ಮಚ್ಚೆಯಾಗಿ, ಬಿಸಿಲಿಗೆ ಹಿಡಿದಾಗ ಒಳಗೆ ಹುಳವೂ ಕರಿ ಹಿಕ್ಕೆಯೂ ಕಂಡರೆ, ಕಾಯಿಯ ತೊಟ್ಟಿನ ಹತ್ತಿರ ಸೂಜಿ ಚುಚ್ಚಿದಂಥ ತೂತಿದ್ದರೆ, ಅದು 2014ರಲ್ಲಿ ದೇಶದಲ್ಲಿ ಮೊದಲು ಕಂಡ ಟೂಟಾ ಎಂಬ ಪತಂಗದ ಹುಳು. ಇದರ ಮೋಹಕ ಬಲೆಯಲ್ಲಿ ಗಂಡು ಪತಂಗವನ್ನು ವಾಸನೆಯಿಂದ ಸೆಳೆಯುವ ಲ್ಯೂರ್ ಬೇರೆ, ಕಾಯಿಕೊರಕದ ಲ್ಯೂರಿಗೆ ಇದು ಬೀಳುವುದಿಲ್ಲ. ಕಾಯಿಕೊರಕಕ್ಕೆ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು: ನಾಟಿ ದಿನ ಚೆಂಡುಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಬೇಕು. ಹೂವು ಟೊಮೆಟೊ ಜೊತೆಗೇ ಅರಳದಿದ್ದರೆ ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಅಲ್ಲಿ ಮೊಟ್ಟೆ ಇಡುವುದಿಲ್ಲ.

ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ, ಚೌಳು ಮಣ್ಣಿನಲ್ಲಿ ಸಾಮಾನ್ಯ. 15 ಲೀಟರ್ ನೀರಿಗೆ 75 ಗ್ರಾಂ ‘ಅರ್ಕಾ ವೆಜಿಟೆಬಲ್ ಸ್ಪೆಷಲ್’ ಎಂಬ ಲಘು ಪೋಷಕಾಂಶಗಳ ಮಿಶ್ರಣ, ಎರಡು ನಿಂಬೆಹಣ್ಣಿನ ರಸ, ಒಂದು ಪಾಕೆಟ್ ಶಾಂಪೂ ಬೆರೆಸಿ ಸಿಂಪಡಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ನಿಂಬೆ ಹಾಕುವುದನ್ನು ತಪ್ಪಿಸಬೇಡಿ.

ಮೋಡ, ತುಂತುರು ಹಿಡಿದಾಗ ಅಂಗಮಾರಿಗೆ ಮ್ಯಾಂಕೊಜೆಬ್ ಲೀಟರಿಗೆ 2 ಗ್ರಾಂ. ಅದು ಎಲೆಯ ಮೇಲಿನ ಹೊದಿಕೆಯಷ್ಟೇ. ರೋಗ ಒಳಹೊಕ್ಕ ಮೇಲೆ ಹೊಡೆದು ಪ್ರಯೋಜನವಿಲ್ಲ. ಕೊಯ್ಲು ಶುರುವಾದ ಮೇಲೆ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ಮೂರು ನಾಲ್ಕು ದಿನಕ್ಕೊಮ್ಮೆ ಕ್ರೇಟ್ ಹೋಗುವುದರಿಂದ ಯಾವುದೇ ಡಬ್ಬಿಯ ಚೀಟಿಯಲ್ಲಿ ಕೊಯ್ಲಿನ ಅಂತರ, ಅಂದರೆ ಹೊಡೆದ ಎಷ್ಟು ದಿನದ ಮೇಲೆ ಕೊಯ್ಯಬಹುದು ಎಂಬುದನ್ನು, ಮೊದಲು ಓದಿ. ಏಳು ದಿನ ಅಂತಿದ್ದರೆ ಎರಡು ಕೊಯ್ಲಿನ ನಡುವೆ ಅದನ್ನು ಹೊಡೆಯಲಾಗದು. ಅಂತರ ಕಡಿಮೆ ಇರುವುದನ್ನೇ ಆರಿಸಿ, ಬೆಳಿಗ್ಗೆ ಕೊಯ್ದು, ಅದೇ ಸಂಜೆ ಸಿಂಪಡಿಸಿ.