ಲೋನ್ ಮಾಡಿ ಫಾಸ್ಟ್ ಟ್ರ್ಯಾಕ್ ಫ್ಲೈಟ್ ಸ್ಕೂಲ್ ಸೇರೋರು ಸೈನ್ ಹಾಕೋ ಮುಂಚೆ ಏನೇನು ಮಾಡ್ಬೇಕು

ಅಮೆರಿಕದಲ್ಲಿ ಏನೂ ಅನುಭವ ಇಲ್ದೇ ಇರೋರನ್ನ ಸೇರಿಸ್ಕೊಂಡು ಒಂದು ವರ್ಷದ ಒಳಗೆ ಕಮರ್ಷಿಯಲ್ ಲೈಸೆನ್ಸು, ಇನ್‌ಸ್ಟ್ರಕ್ಟರ್ ರೇಟಿಂಗು (ಬೇರೆಯವರಿಗೆ ಹಾರೋದು ಕಲಿಸೋ ಅರ್ಹತೆ) ಎಲ್ಲಾ ಮುಗಿಸಿ ಕಳಿಸ್ತೀವಿ ಅನ್ನೋ ಅಕಾಡೆಮಿಗಳು ಬೇಕಾದಷ್ಟಿವೆ, ಫೀಸು ಈಗ ಹೆಚ್ಚುಕಮ್ಮಿ 1 ಲಕ್ಷ ಡಾಲರ್ ಆಸುಪಾಸು, ಅಷ್ಟು ಕ್ಯಾಶ್ ಇರೋರು ಕಮ್ಮಿ, ಹಾಗಾಗಿ ಲೋನ್. ಲೋನ್ ಮಾಡೋದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದು ಹಿಂದುಮುಂದಾದ್ರೆ ಲೈಸೆನ್ಸ್ ಕೈಗೆ ಬರಲ್ಲ, ಸಾಲ ಮಾತ್ರ ಉಳಿಯುತ್ತೆ.

ಮೊದಲನೇದು ಮೆಡಿಕಲ್. ಏರ್‌ಲೈನ್‌ ಕನಸು ಇದ್ರೆ ಫಸ್ಟ್ ಕ್ಲಾಸ್ ಮೆಡಿಕಲ್ ಸರ್ಟಿಫಿಕೇಟ್ ಕೈಗೆ ಬರೋ ತನಕ ಲೋನ್ ಪೇಪರ್ ಮುಟ್ಟಲೇಬೇಡಿ. ಚಿಕ್ಕ ವಯಸ್ಸಲ್ಲಿ ಎಡಿಎಚ್‌ಡಿ ಮಾತ್ರೆ ತಗೊಂಡಿದ್ರೆ, ಡಿಪ್ರೆಶನ್‌ಗೆ ಟ್ರೀಟ್‌ಮೆಂಟ್ ಆಗಿದ್ರೆ, ಇನ್ಸುಲಿನ್ ತಗೋತಿದ್ರೆ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಫೈಲನ್ನ ತಡೆಹಿಡಿದು ಇನ್ನಷ್ಟು ರಿಪೋರ್ಟ್ ಕೇಳಬಹುದು, ಅದು ತಿಂಗಳುಗಟ್ಟಲೆ ಎಳೀಬಹುದು, ಅಷ್ಟರಲ್ಲಿ ಲೋನ್ ಶುರುವಾಗಿದ್ರೆ ಬಡ್ಡಿ ಯಾರಿಗೂ ಕಾಯಲ್ಲ. ಹಿಂದೆ ಏನಾದ್ರೂ ಇದ್ರೆ ಅರ್ಜಿ ಫಾರ್ಮ್ ತುಂಬೋ ಮುಂಚೆನೇ ಏವಿಯೇಶನ್ ಮೆಡಿಕಲ್ ಎಕ್ಸಾಮಿನರ್ (ಈ ಸರ್ಟಿಫಿಕೇಟ್ ಕೊಡೋ ಡಾಕ್ಟರ್) ಹತ್ರ ಬರೀ ಕನ್ಸಲ್ಟೇಶನ್ ಅಂತ ಹೋಗಿ ಮಾತಾಡಿ. ಮುಚ್ಚಿಡೋ ಯೋಚನೆ ಮಾತ್ರ ಬೇಡ, ಆ ಫಾರ್ಮಲ್ಲಿ ಸುಳ್ಳು ಬರೆಯೋದು ಅಲ್ಲಿ ಕ್ರಿಮಿನಲ್ ಅಪರಾಧ.

ಎರಡನೇದು, ಸಾಧ್ಯ ಆದ್ರೆ ಪ್ರೈವೇಟ್ ಪೈಲಟ್ ಲೈಸೆನ್ಸನ್ನ ಮನೆ ಹತ್ರದ ಚಿಕ್ಕ ಸ್ಕೂಲಲ್ಲಿ ಕೈದುಡ್ಡಲ್ಲೇ ಮಾಡ್ಕೊಳ್ಳಿ. ರೂಲ್ ಪ್ರಕಾರ ಕನಿಷ್ಠ 40 ಗಂಟೆ, ಪಾರ್ಟ್ 141 (ಎಫ್‌ಎಎ ಒಪ್ಪಿದ ಪಠ್ಯಕ್ರಮ ಇರೋ) ಸ್ಕೂಲಾದ್ರೆ 35, ಆದ್ರೆ ನಿಜದಲ್ಲಿ ಬಹಳ ಜನಕ್ಕೆ 60, 70 ಗಂಟೆ ಹಿಡಿಯುತ್ತೆ. ಇದರಲ್ಲಿ ಎರಡು ಲಾಭ ಇದೆ, ಒಂದು ಲೋನ್ ಅಷ್ಟು ಕಮ್ಮಿ ಆಗುತ್ತೆ, ಇನ್ನೊಂದು ಈ ಕೆಲಸ ನಿಮಗೆ ಒಗ್ಗುತ್ತಾ ಇಲ್ವಾ ಅಂತ 1 ಲಕ್ಷ ಸಾಲ ಮಾಡೋ ಮುಂಚೆನೇ ಗೊತ್ತಾಗುತ್ತೆ. ಮೂರು ತಿಂಗಳಾದ ಮೇಲೆ ಇದು ನನಗಲ್ಲ ಅನ್ಸೋದು ತಪ್ಪೇನಲ್ಲ, ಸಾಲ ಮಾಡಿದ್ಮೇಲೆ ಅನ್ಸಿದ್ರೆ ಕಷ್ಟ. ಥಿಯರಿ ಪರೀಕ್ಷೆಗಳನ್ನೂ ಸೇರೋ ಮುಂಚೆನೇ ಬರೆದು ಮುಗಿಸಿ, ರಿಸಲ್ಟು 24 ತಿಂಗಳು ನಡೆಯುತ್ತೆ, ಪ್ರೋಗ್ರಾಂ ಒಳಗೆ ಹೋದ್ಮೇಲೆ ಓದೋಕೆ ಟೈಮೇ ಸಿಗಲ್ಲ.

ಈಗ ಲೋನ್ ವಿಷಯ. ಸರ್ಕಾರದ ಫೆಡರಲ್ ಸ್ಟೂಡೆಂಟ್ ಲೋನ್ ಸಿಗೋದು ಟೈಟಲ್ ಫೋರ್ (ಸರ್ಕಾರದ ಸ್ಟೂಡೆಂಟ್ ನೆರವು ಪಡೆಯೋ) ಮಾನ್ಯತೆ ಇರೋ ಕಾಲೇಜಿಗೆ ಮಾತ್ರ, ಫಾಸ್ಟ್ ಟ್ರ್ಯಾಕ್ ಅಕಾಡೆಮಿಗಳಲ್ಲಿ ಬಹುಪಾಲು ಅದರೊಳಗೆ ಬರಲ್ಲ. ನಾರ್ತ್ ಡಕೋಟಾ ಯೂನಿವರ್ಸಿಟಿ, ಎಂಬ್ರಿ ರಿಡಲ್, ಪರ್ಡ್ಯೂ ಥರದ ಕಡೆ ಏವಿಯೇಶನ್ ಡಿಗ್ರಿ ಮಾಡಿದ್ರೆ ಸಿಗುತ್ತೆ, ಅಲ್ಲೂ ಅಪ್ಪ ಅಮ್ಮನ ಮೇಲೆ ಅವಲಂಬಿತ ಆಗಿರೋ ಸ್ಟೂಡೆಂಟಿಗೆ ಡಿಗ್ರಿ ಮುಗಿಯೋ ತನಕ ಒಟ್ಟು 31,000 ಡಾಲರ್ ಅಷ್ಟೇ, ಅಪ್ಪ ಅಮ್ಮನ ಹೆಸರಲ್ಲಿ ಸಿಗೋ ಸರ್ಕಾರದ ಪೇರೆಂಟ್ ಪ್ಲಸ್ ಲೋನಿಗೂ 2026 ಜುಲೈ 1ರಿಂದ ಹೊಸಬರಿಗೆ ಒಂದು ಮಗುವಿಗೆ 65,000 ಅಂತ ಮಿತಿ ಹಾಕಿದ್ದಾರೆ. ಹಾಗಾಗಿ ಅಕಾಡೆಮಿಗೆ ಹೋಗೋರಿಗೆ ಉಳಿಯೋದು ಪ್ರೈವೇಟ್ ಲೋನ್, ಅದಕ್ಕೆ ಒಳ್ಳೆ ಕ್ರೆಡಿಟ್ ಸ್ಕೋರು ಇಲ್ಲಾಂದ್ರೆ ಕೋಸೈನರ್ (ಸಾಲಕ್ಕೆ ಜೊತೆಗೆ ಸೈನ್ ಹಾಕೋರು) ಬೇಕೇ ಬೇಕು. ಎಂ-1 ವೀಸಾದಲ್ಲಿ (ವೃತ್ತಿ ತರಬೇತಿಗೆ ಕೊಡೋ ಸ್ಟೂಡೆಂಟ್ ವೀಸಾ) ಹೊರದೇಶದಿಂದ ಬರೋರು ಒಂದು ತಿಳ್ಕೊಂಡಿರಿ, ಓದೋವಾಗ ಕೆಲಸ ಮಾಡಿ ಕಂತು ಕಟ್ತೀನಿ ಅನ್ನೋ ದಾರಿ ನಿಮಗಿಲ್ಲ.

ಲೆಕ್ಕ ಒಂದ್ಸಲ ಕೂತು ಹಾಕಿ ನೋಡಿ, ಬ್ರೋಶರ್‌ನಲ್ಲಿ ಇದು ಇರಲ್ಲ. 1 ಲಕ್ಷ ಡಾಲರ್, 12% ಬಡ್ಡಿ, 10 ವರ್ಷ ಅಂದ್ಕೊಳ್ಳಿ. ಮೊದಲ ತಿಂಗಳಿಂದಲೇ ಕಟ್ಟಿದ್ರೆ ಕಂತು ಸುಮಾರು 1,435. ಆದ್ರೆ ಟ್ರೈನಿಂಗಲ್ಲಿ ಯಾರೂ ಕಟ್ಟಲ್ಲ, ಮುಂದಕ್ಕೆ ಹಾಕ್ತಾರೆ, ಅಷ್ಟು ದಿನವೂ ತಿಂಗಳಿಗೆ 1,000 ಡಾಲರ್ ಬಡ್ಡಿ ಸುಮ್ಮನೆ ಬೆಳೀತಿರುತ್ತೆ. ಟ್ರೈನಿಂಗು, ಗ್ರೇಸ್ ಪೀರಿಯಡ್ (ಟ್ರೈನಿಂಗ್ ಮುಗಿದ್ಮೇಲೆ ಕಂತು ಶುರುವಾಗೋ ತನಕ ಕೊಡೋ ಸಮಯ) ಎಲ್ಲಾ ಸೇರಿ 18 ತಿಂಗಳಾದ್ರೆ ಆ 18,000 ಅಸಲಿಗೇ ಸೇರ್ಕೊಳುತ್ತೆ, ಕಂತು 1,693ಕ್ಕೆ ಹೋಗುತ್ತೆ, ಕೊನೆಗೆ ನೀವು ಕಟ್ಟಿರೋದು 2 ಲಕ್ಷದ ಮೇಲೆ. ಹಾಗಾಗಿ ಓದೋವಾಗ ಬರೀ ಬಡ್ಡಿ ಕಟ್ಟೋ ಆಪ್ಷನ್ ಇದ್ಯಾ ಕೇಳಿ, ಮನೆಯವರಿಂದ ಸಹಾಯ ಕೇಳೋದಾದ್ರೆ ಅದಕ್ಕೇ ಕೇಳಿ.

ಕಂತು ಶುರುವಾಗೋ ಹೊತ್ತಿಗೆ ನೀವು ಏರ್‌ಲೈನಲ್ಲಿ ಇರಲ್ಲ, ಇದನ್ನ ತುಂಬಾ ಜನ ಮರೀತಾರೆ. 2009ರಲ್ಲಿ ಬಫಲೋ ಹತ್ರ ಕೋಲ್ಗನ್ ಏರ್ ವಿಮಾನ ಬಿದ್ದ ಮೇಲೆ ಬಂದ ಕಾನೂನು, 2013ರಿಂದ ಏರ್‌ಲೈನ್ ಫಸ್ಟ್ ಆಫೀಸರ್ (ಕೋಪೈಲಟ್) ಆಗೋಕೂ 1,500 ಗಂಟೆ ಬೇಕು, ಸರಿಯಾದ ಏವಿಯೇಶನ್ ಡಿಗ್ರಿ ಇದ್ರೆ 1,000. ಅಕಾಡೆಮಿಯಿಂದ ಹೊರಗೆ ಬರೋವಾಗ ನಿಮ್ಮ ಹತ್ರ ಇರೋದು 250ರ ಆಸುಪಾಸು. ಉಳಿದ 1,250 ಗಂಟೆ ಇನ್‌ಸ್ಟ್ರಕ್ಟರ್ ಆಗಿ ಹಾರ್ಸಬೇಕು, ತಿಂಗಳಿಗೆ 75 ಗಂಟೆ ಸಿಕ್ಕಿದ್ರೂ ಹದಿನೇಳು ತಿಂಗಳ ಹತ್ರ, ಚಳಿಗಾಲದಲ್ಲಿ ಅಷ್ಟು ಸಿಗಲ್ಲ. ಗಂಟೆಗೆ 30 ಡಾಲರ್ ಅಂತ ಹಿಡಿದ್ರೂ ಟ್ಯಾಕ್ಸ್‌ಗೆ ಮುಂಚೆ 2,250, ಅದರಲ್ಲಿ 1,693 ಕಂತು, ಬಾಡಿಗೆ ಎಲ್ಲಿಂದ ಕಟ್ತೀರಾ? ಅದಕ್ಕೇ ಲೋನ್ ಆರಿಸೋವಾಗ ಬಡ್ಡಿ ಎಷ್ಟು ಅಂತ ನೋಡೋ ಜೊತೆಗೆ ಗ್ರೇಸ್ ಪೀರಿಯಡ್ ಎಷ್ಟು, ಅದಾದ್ಮೇಲೆ ಕಷ್ಟ ಬಂದ್ರೆ ಕಂತು ನಿಲ್ಲಿಸೋಕೆ ಬಿಡ್ತಾರಾ ಅನ್ನೋದನ್ನೂ ನೋಡಿ. ಇನ್‌ಸ್ಟ್ರಕ್ಟರ್ ಕೆಲಸ ಗ್ಯಾರಂಟಿ ಅಂತ ಸ್ಕೂಲು ಬಾಯಲ್ಲಿ ಹೇಳಿದ್ರೆ ಕಾಗದದಲ್ಲಿ ಬರೆದುಕೊಡಿ ಅನ್ನಿ.

ಮತ್ತೆ ನನಗೆ ಎಲ್ಲಕ್ಕಿಂತ ಭಯ ಆಗೋ ವಿಷಯ, ಪೂರ್ತಿ ಫೀಸು ಮುಂಗಡ ಕಟ್ಟೋದು. 2008ರ ಫೆಬ್ರವರಿಯಲ್ಲಿ ನೆವಾಡಾದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಅನ್ನೋ ದೊಡ್ಡ ಟ್ರೈನಿಂಗ್ ಕಂಪನಿ ಒಂದು ಭಾನುವಾರ ಬಾಗಿಲು ಮುಚ್ಚಿ ದಿವಾಳಿ ಅರ್ಜಿ ಹಾಕ್ತು. ಅಲ್ಲಿದ್ದ ಸಾವಿರಾರು ಸ್ಟೂಡೆಂಟ್ಸ್‌ನಲ್ಲಿ ತುಂಬಾ ಜನ ಸುಮಾರು 70,000 ಡಾಲರ್ ಪ್ರೈವೇಟ್ ಲೋನ್ ಮಾಡಿ ಕಟ್ಟಿದ್ರು, ದುಡ್ಡು ಹೋಯ್ತು, ಲೈಸೆನ್ಸೂ ಇಲ್ಲ, ಬ್ಯಾಂಕ್ ಮಾತ್ರ ಕಂತು ಕಟ್ಟಿ ಅಂತ ಕೂತ್ಕೊಳ್ತು, ಕೋರ್ಟಲ್ಲಿ ವರ್ಷಗಟ್ಟಲೆ ನಡೀತು. ಅದಕ್ಕೇ ಲೆಂಡರ್ (ಸಾಲ ಕೊಡೋರು) ಹತ್ರ ಒಂದು ಪ್ರಶ್ನೆ ಕೇಳಿ, ದುಡ್ಡು ಒಂದೇ ಸಲ ಸ್ಕೂಲಿಗೆ ಹೋಗುತ್ತಾ ಇಲ್ಲ ಹಂತಹಂತವಾಗಿ ಹೋಗುತ್ತಾ? ಹಂತಹಂತ ಆದ್ರೆ ಬಡ್ಡಿನೂ ಬಿಡುಗಡೆ ಆದಷ್ಟಕ್ಕೇ ಬೀಳುತ್ತೆ. ರೀಫಂಡ್ ಪಾಲಿಸಿ ಓದಿ, ಮಧ್ಯದಲ್ಲಿ ಬಿಟ್ರೆ ಹಾರದೇ ಇರೋ ಗಂಟೆಗಳ ದುಡ್ಡು ಎಷ್ಟು ದಿನಕ್ಕೆ ವಾಪಸ್ ಅಂತ ನೋಡಿ. ಸ್ಕೂಲೇ ಶಿಫಾರಸು ಮಾಡಿದ ಲೆಂಡರ್ ಆದ್ರೆ ಕಾಂಟ್ರ್ಯಾಕ್ಟಲ್ಲಿ ಎಫ್‌ಟಿಸಿಯ (ಅಮೆರಿಕದ ಗ್ರಾಹಕ ರಕ್ಷಣೆ ನೋಡೋ ಸರ್ಕಾರಿ ಸಂಸ್ಥೆ) ಹೋಲ್ಡರ್ ನೋಟಿಸ್ ಇದ್ಯಾ ಹುಡುಕಿ, ಸ್ಕೂಲ್ ಮೋಸ ಮಾಡಿದ್ರೆ ಆ ತಕರಾರನ್ನ ಲೆಂಡರ್ ಮುಂದೆನೂ ಎತ್ತೋಕೆ ಅದು ದಾರಿ ಕೊಡುತ್ತೆ.

ಲೋನ್ ಮೊತ್ತ ಬರೆಯೋವಾಗ ಪ್ಯಾಕೇಜಿನ ಹೊರಗಿನ ಖರ್ಚೂ ಸೇರ್ಸಿ. ಥಿಯರಿ ಪರೀಕ್ಷೆ ಒಂದೊಂದಕ್ಕೆ 175, ಚೆಕ್‌ರೈಡ್ (ವಿಮಾನ ಹಾರಿಸಿ ತೋರಿಸೋ ಪರೀಕ್ಷೆ) ಎಕ್ಸಾಮಿನರ್ ಫೀಸು ಬಹಳ ಕಡೆ ಬೇರೆ, ಫೇಲ್ ಆದ್ರೆ ಮತ್ತೆ ಕಟ್ಬೇಕು, ಪ್ಯಾಕೇಜಲ್ಲಿ ಹೇಳಿರೋ ಗಂಟೆ ಮೀರಿದ್ರೆ ಪ್ರತಿ ಗಂಟೆಗೂ ಬಿಲ್ ಬರುತ್ತೆ. ಎಕ್ಸಾಮಿನರ್ ಡೇಟ್ ಸಿಗದೇ ವಾರಗಟ್ಟಲೆ ಕಾಯೋದೂ ಇದೆ, ಆ ದಿನಗಳ ಊಟ ಬಾಡಿಗೆ ನಿಮ್ಮದೇ.

ಕೋಸೈನರ್ ಆಗಿ ಅಪ್ಪನೋ ಮಾವನೋ ಸೈನ್ ಹಾಕ್ತಿದ್ರೆ ನೀವು ಕಟ್ಟದೇ ಇದ್ರೆ ಪೂರ್ತಿ ಸಾಲ ಅವರ ಮೇಲೆ ಬರುತ್ತೆ ಅಂತ ಮೊದಲೇ ಕೂರಿಸಿ ಹೇಳಿ, ಎಷ್ಟು ಕಂತು ಸರಿಯಾಗಿ ಕಟ್ಟಿದ್ಮೇಲೆ ಅವರ ಹೆಸರು ತೆಗೀಬಹುದು ಅಂತ ಲೆಂಡರ್ ಹತ್ರ ಕೇಳಿ ಬರೆಸ್ಕೊಳ್ಳಿ. ಏರ್‌ಲೈನ್ ಕೆಲಸ ಸಿಕ್ಕಿ ಸಂಬಳ ಸ್ಲಿಪ್ಪು ಬರೋಕೆ ಶುರುವಾದ ತಕ್ಷಣ ನಿಮ್ಮೊಬ್ಬರ ಹೆಸರಲ್ಲೇ ಕಮ್ಮಿ ಬಡ್ಡಿಗೆ ರೀಫೈನಾನ್ಸ್ ಸಿಗುತ್ತಾ ಅಂತ ನಾಲ್ಕೈದು ಕಡೆ ರೇಟ್ ಕೇಳಿ, ಎರಡು ವಾರದ ಒಳಗೆ ಎಲ್ಲಾ ಕಡೆ ಅಪ್ಲೈ ಮಾಡಿದ್ರೆ ಸ್ಕೋರಿಗೆ ಒಂದೇ ಸಲ ಚೆಕ್ ಮಾಡಿದ ಹಾಗೆ ಲೆಕ್ಕ ಆಗುತ್ತೆ.