ಫಿಲ್ಮಿನ ಅಳತೆ ಬದಲಾದಾಗ: ನನ್ನ ಅನುಭವ

35 ಎಂಎಂ, 120 ರೋಲ್ ಮತ್ತು 4×5 ಇಂಚಿನ ಶೀಟ್ ಫಿಲ್ಮ್, ಈ ಮೂರನ್ನೂ ನಾನು ಬಹುಕಾಲದಿಂದ ಬಳಸುತ್ತಾ ಬಂದಿದ್ದೇನೆ. ನೆಗೆಟಿವ್ ದೊಡ್ಡದಾದಷ್ಟೂ ಚಿತ್ರ ಚೆನ್ನಾಗಿ ಬರುತ್ತದೆ ಎಂಬ ಮಾತಿನಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ. 35 ಎಂಎಂ ಫ್ರೇಮಿನ ಅಳತೆ 24×36 ಮಿ.ಮೀ.; 120 ರೋಲಿನಲ್ಲಿ 6×6 (ಸೆಂ.ಮೀ.) ಎಂದು ಕರೆಯುವ ಫ್ರೇಮಿನದು ಸುಮಾರು 56×56 ಮಿ.ಮೀ., ಅಂದರೆ ವಿಸ್ತೀರ್ಣದಲ್ಲಿ ಮೂರೂವರೆ ಪಟ್ಟಿಗೂ ತುಸು ಹೆಚ್ಚು. ಒಂದೇ ಅಳತೆಯ ಪ್ರಿಂಟಿಗಾಗಿ ಅದನ್ನು ಕಡಿಮೆ ಹಿಗ್ಗಿಸಿದರೆ ಸಾಕಾಗುವುದರಿಂದ ಗ್ರೇನ್ (ಫಿಲ್ಮಿನ ಕಾಳುಕಾಳಾದ ರಚನೆ) ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಬೂದು ಛಾಯೆಗಳೂ ಒಂದರೊಳಗೊಂದು ನಯವಾಗಿ ಬೆರೆಯುತ್ತವೆ. ಆದರೆ ಕ್ಯಾಮೆರಾ ಅಲುಗಿದ್ದರೆ ಅಥವಾ ಫೋಕಸ್ ಕೂದಲೆಳೆಯಷ್ಟು ತಪ್ಪಿದ್ದರೆ ಆ ಲಾಭವೆಲ್ಲ ಸೋರಿಹೋಗುತ್ತದೆ. ಟ್ರೈಪಾಡಿನ ಮೇಲಿಟ್ಟು ತೆಗೆದ 35 ಎಂಎಂ ನೆಗೆಟಿವ್, ಕೈಯಲ್ಲಿ ಹಿಡಿದು ನಿಧಾನ ಶಟರಿನಲ್ಲಿ ತೆಗೆದ 6×7 ನೆಗೆಟಿವಿಗಿಂತ ಸ್ಪಷ್ಟವಾಗಿರುವುದನ್ನು ಲೂಪ್ (ಭೂತಗನ್ನಡಿ) ಹಿಡಿದು ಎಷ್ಟೋ ಸಲ ನೋಡಿದ್ದೇನೆ.

35 ಎಂಎಂ ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದು ಚಲಿಸುವ ವಸ್ತುವಿಗೆ, ಕಾಯದ ಗಳಿಗೆಗೆ ಹೇಳಿ ಮಾಡಿಸಿದ್ದು. 50 ಎಂಎಂ ಲೆನ್ಸಿಗೆ ಸೆಕೆಂಡಿನ 1/60ಕ್ಕಿಂತ ನಿಧಾನವಾದ ಶಟರನ್ನು ನಾನು ಕೈಹಿಡಿತದಲ್ಲಿ ನಂಬುವುದಿಲ್ಲ. ನೆಗೆಟಿವ್ ಚಿಕ್ಕದಾಗಿದ್ದು ಬಹಳ ಹಿಗ್ಗಬೇಕಾದ ಕಾರಣ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್ 16ಕ್ಕಿಂತ ಕಿರಿದು ಮಾಡಿದರೆ ಬೆಳಕು ಅಂಚಿನಲ್ಲಿ ಬಾಗಿ ಹರಡುವ ಡಿಫ್ರಾಕ್ಷನ್‌ನಿಂದ ಚಿತ್ರ ಮೆತ್ತಗಾಗುವುದು ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಎಫ್ 5.6ರಿಂದ 11ರ ನಡುವೆಯೇ ಹೆಚ್ಚಾಗಿ ಇರುತ್ತೇನೆ. ರೋಲಿನ 36 ಫ್ರೇಮುಗಳೂ ಒಟ್ಟಿಗೇ ಡೆವಲಪ್ ಆಗುವುದರಿಂದ, ಸಾಧ್ಯವಾದಾಗಲೆಲ್ಲ ಒಂದು ರೋಲನ್ನು ಒಂದೇ ಬಗೆಯ ಬೆಳಕಿಗೆ ಮೀಸಲಿಡುತ್ತೇನೆ.

120ಕ್ಕೆ ಬಂದಾಗ ಮೊದಲು ಬದಲಾಗುವುದು ಡೆಪ್ತ್ ಆಫ್ ಫೀಲ್ಡ್, ಅಂದರೆ ಹತ್ತಿರದಿಂದ ದೂರದವರೆಗೆ ಸ್ಪಷ್ಟವಾಗಿ ಕಾಣುವ ಆಳ. 35 ಎಂಎಂನಲ್ಲಿ 50 ಎಂಎಂ ಲೆನ್ಸು ಕೊಡುವ ನೋಟಕ್ಕೆ 6×6ರಲ್ಲಿ 80 ಎಂಎಂ ಬೇಕು. ಅಲ್ಲಿ ಎಫ್ 8ರಲ್ಲಿ ಸಿಗುತ್ತಿದ್ದ ಆಳ ಇಲ್ಲಿ ಸಿಗಬೇಕಾದರೆ ಸುಮಾರು ಎಫ್ 13ಕ್ಕೆ ಇಳಿಯಬೇಕು, ಅದಕ್ಕೆ ತಕ್ಕಂತೆ ಶಟರೂ ನಿಧಾನವಾಗುತ್ತದೆ. ಈ ಕಾರಣಕ್ಕೆ 35 ಎಂಎಂನಲ್ಲಿ ಬೆಳಕಿನ ಸಂವೇದನೆ ಐಎಸ್‌ಒ 100ರ ಫಿಲ್ಮ್ ಹಾಕುವ ಕಡೆ ಇಲ್ಲಿ 400ರದ್ದನ್ನು ಧಾರಾಳವಾಗಿ ಹಾಕುತ್ತೇನೆ. ಹಿಗ್ಗುವಿಕೆ ಕಡಿಮೆಯಾದ್ದರಿಂದ ಗ್ರೇನ್ ತೊಂದರೆ ಕೊಡುವುದಿಲ್ಲ. ಹ್ಯಾಸಲ್‌ಬ್ಲಾಡ್ 500 ಸರಣಿ, ಮಾಮಿಯಾ ಆರ್‌ಬಿ67 ಮುಂತಾದ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿನ ನೋಟವನ್ನು ನಮಗೆ ತೋರಿಸುವ ದೊಡ್ಡ ಕನ್ನಡಿ ಮೇಲೇಳುವಾಗ ಇಡೀ ಕ್ಯಾಮೆರಾ ಅದುರುತ್ತದೆ. ಟ್ರೈಪಾಡಿನ ಮೇಲಿದ್ದಾಗ ಕನ್ನಡಿಯನ್ನು ಮೊದಲೇ ಮೇಲಕ್ಕೆ ಎತ್ತಿ, ಒಂದೆರಡು ಕ್ಷಣ ತಡೆದು ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಶಟರ್ ಬಿಡುವ ತಂತಿ) ಒತ್ತುವ ಅಭ್ಯಾಸವೊಂದರಿಂದಲೇ ನನ್ನ ನೆಗೆಟಿವುಗಳು ಗಮನಾರ್ಹವಾಗಿ ಸುಧಾರಿಸಿದವು. ಈ ಎರಡೂ ಕ್ಯಾಮೆರಾಗಳಲ್ಲಿ ಶಟರ್ ಲೆನ್ಸಿನೊಳಗೇ ಇರುವುದರಿಂದ ಎಲ್ಲ ವೇಗಗಳಲ್ಲೂ ಫ್ಲಾಶ್ ಹೊಂದಿಕೊಳ್ಳುತ್ತದೆ. ಬಿಸಿಲಿನಲ್ಲಿ ಮುಖದ ನೆರಳನ್ನು ತುಂಬಲು ಇದಕ್ಕಿಂತ ಅನುಕೂಲ ಬೇರೊಂದಿಲ್ಲ.

ಶೀಟ್ ಫಿಲ್ಮಿನ ವ್ಯವಹಾರ ಕತ್ತಲ ಕೋಣೆಯಿಂದಲೇ ಶುರುವಾಗುತ್ತದೆ. ಫಿಲ್ಮನ್ನು ಹೋಲ್ಡರಿಗೆ (ಶೀಟನ್ನು ಬೆಳಕಿನಿಂದ ಕಾಪಾಡುವ ಚಪ್ಪಟೆ ಪೆಟ್ಟಿಗೆಗೆ) ತುಂಬುವಾಗ ಬೆರಳೇ ಕಣ್ಣು: ಶೀಟನ್ನು ಉದ್ದುದ್ದವಾಗಿ ಹಿಡಿದಾಗ ಅಂಚಿನ ಕಚ್ಚುಗಳು ಬಲಮೇಲಿನ ಮೂಲೆಯಲ್ಲಿ ಕೈಗೆ ತಾಕಿದರೆ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ನಮ್ಮ ಕಡೆಗಿದೆ ಎಂದರ್ಥ. ಹೋಲ್ಡರಿನ ಮುಚ್ಚಳವಾದ ಡಾರ್ಕ್ ಸ್ಲೈಡಿನ ಹಿಡಿಯ ಬಿಳಿ ಬದಿ ಹೊರಗಿದ್ದರೆ ಒಳಗೆ ಬಳಸದ ಫಿಲ್ಮ್, ಕಪ್ಪು ಬದಿ ಇದ್ದರೆ ತೆಗೆದು ಮುಗಿದದ್ದು. ತುಂಬುವ ಮೊದಲು ಹೋಲ್ಡರಿನ ಧೂಳನ್ನು ಬ್ರಷ್‌ನಿಂದ ತೆಗೆಯುವುದು ಬೇಸರದ ಕೆಲಸ, ಆದರೆ ಧೂಳು ಕುಳಿತಲ್ಲಿಗೆ ಬೆಳಕು ತಲುಪದೆ ಪ್ರಿಂಟಿನ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗುತ್ತವೆ.

ಇಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಲೆನ್ಸನ್ನು ಮುಂದಕ್ಕೆ ಬಾಗಿಸುವ ಟಿಲ್ಟ್. ಆಸ್ಟ್ರಿಯಾದ ಥಿಯೊಡೋರ್ ಶೈಂಪ್‌ಫ್ಲುಗ್ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮದಂತೆ, ಲೆನ್ಸು ಬಾಗಿದಾಗ ಸ್ಪಷ್ಟತೆಯ ಸಮತಲವೂ ಬಾಗಿ ನೆಲದುದ್ದಕ್ಕೂ ಮಲಗುತ್ತದೆ. ಲೆನ್ಸು ಬುಡದಲ್ಲಿ ತಿರುಗುವ ಕ್ಯಾಮೆರಾದಲ್ಲಿ ನಾನು ಮೊದಲು ದೂರದ ಬಂಡೆಗೆ ಫೋಕಸ್ ಮಾಡಿ, ಬಳಿಕ ಹತ್ತಿರದ ಹುಲ್ಲು ಸ್ಪಷ್ಟವಾಗುವವರೆಗೆ ನಿಧಾನವಾಗಿ ಬಾಗಿಸಿ, ಮತ್ತೆ ದೂರವನ್ನು ಸರಿಪಡಿಸುತ್ತೇನೆ. ಕ್ಯಾಮೆರಾದ ಹಿಂಬದಿಯ ಮಸುಕು ಗಾಜಾದ ಗ್ರೌಂಡ್ ಗ್ಲಾಸಿನಲ್ಲಿ ಚಿತ್ರ ತಲೆಕೆಳಗಾಗಿರುವುದರಿಂದ ಹುಲ್ಲನ್ನು ಮೇಲಂಚಿನಲ್ಲಿ ಹುಡುಕಬೇಕು. ಕಪ್ಪು ಬಟ್ಟೆಯೊಳಗೆ ಲೂಪ್ ಒತ್ತಿ ನೋಡುತ್ತಾ ಇದನ್ನು ಎರಡು ಮೂರು ಸಲ ಮಾಡಿದ ಮೇಲೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಆದರೆ ಮುಂಭಾಗದಲ್ಲೇ ಎತ್ತರದ ಮರವಿದ್ದರೆ ಅದರ ತುದಿ ಈ ಸಮತಲದಿಂದ ಹೊರಗುಳಿದು ಮಸುಕಾಗುತ್ತದೆ. ಅಂಥಲ್ಲಿ ಟಿಲ್ಟನ್ನು ಕೈಬಿಟ್ಟು ಎಫ್ 32ಕ್ಕೆ ಇಳಿಸುವುದೇ ಲೇಸು. 4×5ರಲ್ಲಿ ಆ ಅಪರ್ಚರ್ ಕೂಡ ಸ್ಪಷ್ಟತೆಯನ್ನು ಅಷ್ಟೇನೂ ಕೆಡಿಸುವುದಿಲ್ಲ.

ಹತ್ತಿರದ ವಸ್ತುವನ್ನು ತೆಗೆಯುವಾಗ ಬೆಲ್ಲೋಸ್ (ಲೆನ್ಸಿಗೂ ಫಿಲ್ಮಿಗೂ ನಡುವಿನ ಮಡಿಕೆಯ ಚೀಲ) ಉದ್ದವಾದಷ್ಟೂ ಫಿಲ್ಮಿಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. 150 ಎಂಎಂ ಲೆನ್ಸಿನಿಂದ ಗ್ರೌಂಡ್ ಗ್ಲಾಸಿಗೆ ಟೇಪ್ ಹಿಡಿದಾಗ 210 ಎಂಎಂ ಬಂದರೆ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು), 300 ಬಂದರೆ ಎರಡು ಸ್ಟಾಪ್ ಹೆಚ್ಚು ಕೊಡುತ್ತೇನೆ. ಇದರ ಮೇಲೆ ರೆಸಿಪ್ರಾಸಿಟಿಯ (ಎಕ್ಸ್‌ಪೋಷರ್ ದೀರ್ಘವಾದಾಗ ಫಿಲ್ಮಿನ ಸಂವೇದನೆ ತಗ್ಗುವುದರ) ಲೆಕ್ಕವೂ ಸೇರುತ್ತದೆ: ಮೀಟರ್ 10 ಸೆಕೆಂಡ್ ತೋರಿಸಿದರೆ ಇಲ್ಫರ್ಡ್ ಕಂಪನಿಯ ಫಿಲ್ಮಾದ ಎಚ್‌ಪಿ5 ಪ್ಲಸ್‌ಗೆ ಸುಮಾರು 20 ಸೆಕೆಂಡ್ ಬೇಕು. ಮೊದಲು ಬೆಲ್ಲೋಸಿನ ತಿದ್ದುಪಡಿ, ಆಮೇಲೆ ಇದು. ಅನುಕ್ರಮ ಅದಲುಬದಲಾದರೆ ಉತ್ತರವೂ ಬದಲಾಗುತ್ತದೆ.

ಶೀಟುಗಳನ್ನು ಒಂದೊಂದಾಗಿ ಡೆವಲಪ್ ಮಾಡಬಹುದಾದ್ದರಿಂದ ಬೆಳಕಿನ ಅಂತರ ವಿಪರೀತವಿರುವ ದೃಶ್ಯವನ್ನೂ ಹಿಡಿತಕ್ಕೆ ತರಬಹುದು. ವಿವರ ಉಳಿಯಬೇಕಾದ ನೆರಳಿಗೆ ಸ್ಪಾಟ್ ಮೀಟರ್ (ದೃಶ್ಯದ ಚಿಕ್ಕ ಭಾಗದ ಬೆಳಕನ್ನಷ್ಟೇ ಅಳೆಯುವ ಮೀಟರ್) ಹಿಡಿದು, ಅದು ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ ಕೊಡುತ್ತೇನೆ. ಬಿಸಿಲು ಬಿದ್ದ ಭಾಗ ತೀರಾ ಬೆಳ್ಳಗಿದ್ದರೆ ಹೋಲ್ಡರಿನ ಮೇಲೆ ಗುರುತು ಹಾಕಿಟ್ಟು ಆ ಶೀಟಿನ ಡೆವಲಪ್ ಸಮಯವನ್ನು ಐದನೇ ಒಂದರಷ್ಟು ತಗ್ಗಿಸುತ್ತೇನೆ. ಈ ಪದ್ಧತಿಯನ್ನು 120ರಲ್ಲೂ ಸ್ವಲ್ಪಮಟ್ಟಿಗೆ ಅನುಸರಿಸಲು ಬರುತ್ತದೆ: ರೋಲ್ ತುಂಬಿದ, ಬದಲಾಯಿಸಬಹುದಾದ ಬ್ಯಾಕ್‌ಗಳಿದ್ದರೆ ಬಿಸಿಲಿಗೊಂದು, ಮೋಡದ ಬೆಳಕಿಗೊಂದು ಇಟ್ಟುಕೊಂಡು ಎರಡು ರೋಲುಗಳನ್ನೂ ಬೇರೆ ಬೇರೆ ಸಮಯ ಡೆವಲಪ್ ಮಾಡಿದರಾಯಿತು.